ಚುಕ್ಕಿಯಿಂದ ಗೆರೆಗೆ: ಪೋಟ್ರೇಸ್ ತಂತ್ರಾಂಶವೂ ಕನ್ನಡ ಲಿಪಿಯ ಪಾಠನಿರ್ಣಯವೂ

೧

ಹಸ್ತಪ್ರತಿಯೊಂದನ್ನು ಪ್ರತಿಮಾಡುವ ಲಿಪಿಕಾರನು ತನ್ನ ಎದುರಿಗಿರುವುದನ್ನು ಇದ್ದಂತೆಯೇ ಬರೆಯುತ್ತಿದ್ದೇನೆಂದು ಭಾವಿಸುತ್ತಾನೆ. ಆದರೆ ವಾಸ್ತವದಲ್ಲಿ ಅವನು ಬರೆಯುವುದು ಓಲೆಯ ಮೇಲಿನ ಗೆರೆಗಳನ್ನಲ್ಲ; ತಾನು ಓದಿಕೊಂಡ ಅಕ್ಷರಗಳನ್ನು. ಹುಳು ಕೊರೆದ ರಂಧ್ರವು ಸೊನ್ನೆಯಾಗುವುದೂ ಸೊನ್ನೆಯು ಹುಳು ಕೊರೆದ ರಂಧ್ರವೆಂದು ಬಿಟ್ಟುಹೋಗುವುದೂ ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಅಪರಿಚಿತವಾದ ಸಂಗತಿಗಳಲ್ಲ. ಪ್ರತಿ ಎಂಬುದರೊಳಗೆ ಯಾವಾಗಲೂ ಒಂದು ನಿರ್ಣಯವು ಅಡಗಿರುತ್ತದೆ. ಈ ಹಳೆಯ ಅರಿವು, ಲಿಪಿಕಾರನ ಸ್ಥಾನಕ್ಕೆ ಯಂತ್ರವು ಬಂದಿರುವ ಈ ಕಾಲದಲ್ಲಿ, ಮರೆವೆಗೆ ಸಲ್ಲುತ್ತಿರುವಂತೆ ತೋರುತ್ತದೆ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಅಂತಹ ಯಂತ್ರಲಿಪಿಕಾರನೊಬ್ಬನನ್ನು. ಶಾಸನದ ಪಡಿಯಚ್ಚನ್ನಾಗಲಿ ಹಳೆಯ ಪುಸ್ತಕದ ಪುಟವನ್ನಾಗಲಿ ಸ್ಕ್ಯಾನ್ ಮಾಡಿದಾಗ ದೊರೆಯುವುದು ರಾಸ್ಟರ್ ಚಿತ್ರ. ಎಂದರೆ, ಅಡ್ಡಸಾಲು ಉದ್ದಸಾಲುಗಳಲ್ಲಿ ಜೋಡಿಸಿದ ಚುಕ್ಕಿಗಳ ಒಂದು ಹಾಸು. ಅದನ್ನು ಹಿಗ್ಗಿಸಿದರೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ. ವೆಕ್ಟರ್ ಚಿತ್ರವಾದರೋ ಚುಕ್ಕಿಗಳನ್ನು ಇಟ್ಟುಕೊಳ್ಳುವುದಿಲ್ಲ. ಇಂತಹ ಬಿಂದುವಿನಿಂದ ಇಂತಹ ಬಿಂದುವಿಗೆ ಇಂತಹ ಬಾಗಿನ ಗೆರೆ ಎಂಬ ಗಣಿತರೂಪದ ವರ್ಣನೆಯನ್ನು ಇಟ್ಟುಕೊಳ್ಳುತ್ತದೆ. ಆದುದರಿಂದ ಅದನ್ನು ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಇಂದು ಗಣಕದಲ್ಲಿ ನಾವು ಬಳಸುವ ಅಕ್ಷರಶೈಲಿಗಳೆಲ್ಲವೂ ಬಹುಮಟ್ಟಿಗೆ ಈ ಎರಡನೆಯ ರೂಪದಲ್ಲಿವೆ. ಮೊದಲನೆಯದರಿಂದ ಎರಡನೆಯದನ್ನು ಪಡೆಯುವ ಕ್ರಿಯೆಯನ್ನು ಇಲ್ಲಿ ರೇಖೀಕರಣವೆಂದು ಕರೆಯೋಣ.

ಈ ಕಾರ್ಯಕ್ಕೆ ಒದಗುವ ಸ್ವತಂತ್ರ ತಂತ್ರಾಂಶಗಳು ಹಲವು. ಅವುಗಳಲ್ಲಿ ಪೋಟ್ರೇಸ್ ಎಂಬುದನ್ನು ನಾವು ಮುಖ್ಯವಾಗಿ ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಇಂಕ್‌ಸ್ಕೇಪ್ ಎಂಬ ಪ್ರಸಿದ್ಧ ಚಿತ್ರರಚನಾ ತಂತ್ರಾಂಶದ ಒಳಗೂ ಅದೇ ಕೆಲಸಮಾಡುತ್ತಿರುವುದರಿಂದ, ಅದರ ಹೆಸರನ್ನೇ ಕೇಳದವರೂ ಅದನ್ನು ಬಳಸುತ್ತಿದ್ದಾರೆ. ಎರಡನೆಯದಾಗಿ, ಅದರ ಕರ್ತೃವು ತಂತ್ರಾಂಶದ ಮೂಲಸಂಕೇತವನ್ನು ಮಾತ್ರವಲ್ಲದೆ ಅದರ ಹಿಂದಿರುವ ಗಣಿತವನ್ನೂ ಪ್ರಬಂಧರೂಪದಲ್ಲಿ ವಿವರಿಸಿದ್ದಾರೆ. ರೇಖೀಕರಣವು ಪ್ರತಿಯಲ್ಲ, ಪಾಠನಿರ್ಣಯ. ಆದಕಾರಣ ಅದನ್ನು ಗೆರೆಯ ಅಂದದಿಂದಲ್ಲ, ನಿರ್ಣಯದ ಸ್ವರೂಪದಿಂದಲೇ ಅಳೆಯಬೇಕು ಎಂಬುದು ನಮ್ಮ ವಾದ.

೨

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ವಕ್ರರೇಖೆಯನ್ನು ಕೆಲವೇ ಬಿಂದುಗಳಿಂದ ನಿಯಂತ್ರಿಸುವ ವಿಧಾನವು ಹುಟ್ಟಿದ್ದು ಫ್ರಾನ್ಸಿನ ಮೋಟಾರುಗಾಡಿಗಳ ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಸಂಸ್ಥೆಯಲ್ಲಿದ್ದ ಪಾಲ್ ದ ಕ್ಯಾಸ್ಟೆಲ್ಜೊ ಅವರು ೧೯೫೦ರ ದಶಕದ ಕೊನೆಯಲ್ಲಿಯೂ, ರೆನೋ ಸಂಸ್ಥೆಯಲ್ಲಿದ್ದ ಪಿಯೆರ್ ಬೆಝಿಯೆ ಅವರು ೧೯೬೦ರ ದಶಕದಲ್ಲಿಯೂ ಪ್ರತ್ಯೇಕವಾಗಿ ಇದನ್ನು ರೂಪಿಸಿದರು. ಎರಡನೆಯವರ ಹೆಸರು ಆ ರೇಖೆಗೆ ಅಂಟಿಕೊಂಡು ಉಳಿದಿದೆ. ಗಾಡಿಯ ಮೈಬಾಗನ್ನು ವರ್ಣಿಸಲು ಹುಟ್ಟಿದ ಈ ರೇಖೆಯು ೧೯೮೦ರ ದಶಕದಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಮೂಲಕ ಅಕ್ಷರದ ಬಾಗನ್ನೂ ವರ್ಣಿಸತೊಡಗಿತು. ೨೦೦೧ರಲ್ಲಿ ಎಸ್‌ವಿಜಿ ಎಂಬ ಮುಕ್ತವಾದ ವೆಕ್ಟರ್ ರೂಪವು ಅಂತರಜಾಲದ ಮಾನಕವಾಗಿ ಅಂಗೀಕೃತವಾಯಿತು.

ಅದೇ ೨೦೦೧ರಲ್ಲಿಯೇ ಪೀಟರ್ ಸೆಲಿಂಗರ್ ಅವರು ಪೋಟ್ರೇಸನ್ನು ಹೊರತಂದರು. ಇವರು ಕೆನಡಾ ದೇಶದ ಡಲ್‌ಹೌಸಿ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕರು. ತಂತ್ರಾಂಶದ ವಿಧಾನವನ್ನು ವಿವರಿಸುವ ಅವರ ಪ್ರಬಂಧವು ೨೦೦೩ರದು. ಅದಕ್ಕೆ ಮೊದಲೇ ಮಾರ್ಟಿನ್ ವೆಬರ್ ಅವರ ಆಟೋಟ್ರೇಸ್ ಬಳಕೆಯಲ್ಲಿತ್ತು. ಇಂಕ್‌ಸ್ಕೇಪ್ ೨೦೦೩ರಲ್ಲಿ ಸೋಡಿಪೋಡಿ ಎಂಬ ಇನ್ನೊಂದು ತಂತ್ರಾಂಶದಿಂದ ಕವಲೊಡೆದು ಬಂದಿತು. ರಿಚರ್ಡ್ ಸ್ಟಾಲ್‌ಮನ್ ಅವರು ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಪರವಾನಗಿಯ ಅಡಿಯಲ್ಲಿ ಇವೆಲ್ಲವೂ ಪ್ರಕಟವಾದುವು. ಇವುಗಳನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು. ಈ ನಾಲ್ಕರಲ್ಲಿ ಬಿಚ್ಚಿ ಓದುವ ಹಕ್ಕೇ ನಮ್ಮ ವಿಚಾರಕ್ಕೆ ಪ್ರಧಾನವಾದುದು.

೩

ಪೋಟ್ರೇಸಿನ ಮುಂದೆ ಬರುವ ಚಿತ್ರದಲ್ಲಿ ಕಪ್ಪು ಬಿಳಿಗಳ ಹೊರತು ಬೇರೆ ಬಣ್ಣವಿರುವುದಿಲ್ಲ. ಸ್ಕ್ಯಾನ್ ಮಾಡಿದ ಪುಟದಲ್ಲಿ ಬೂದುಬಣ್ಣದ ನೂರಾರು ಛಾಯೆಗಳಿರುವುದರಿಂದ, ಎಲ್ಲಿಂದಾಚೆಗೆ ಕಪ್ಪು, ಎಲ್ಲಿಂದೀಚೆಗೆ ಬಿಳಿ ಎಂಬ ಹೊಸ್ತಿಲನ್ನು ಮೊದಲು ನಿಶ್ಚಯಿಸಬೇಕಾಗುತ್ತದೆ. ಬಳಕೆದಾರನು ಏನನ್ನೂ ಹೇಳದಿದ್ದರೆ ತಂತ್ರಾಂಶವು ನಟ್ಟನಡುವಿನ ೦.೫ ಎಂಬ ಬೆಲೆಯನ್ನು ಹಿಡಿಯುತ್ತದೆ. ಇದರ ಜತೆಗೇ ಬರುವ ಎಂಕೆಬಿಟ್‌ಮ್ಯಾಪ್ ಎಂಬ ಸಹಾಯಕ ಕ್ರಮವಿಧಿಯು ಪುಟದ ಒಂದು ಕಡೆ ದಟ್ಟವಾಗಿಯೂ ಇನ್ನೊಂದು ಕಡೆ ತೆಳುವಾಗಿಯೂ ಹರಡಿದ ಮಸಿಯನ್ನು ಸಮಗೊಳಿಸಿ, ಅನಂತರ ಹೊಸ್ತಿಲನ್ನು ಹಾಕುತ್ತದೆ. ರೇಖೀಕರಣದ ಮೊದಲ ನಿರ್ಣಯ ಇದು.

ಇದಾದ ಮೇಲಿನ ಕ್ರಿಯೆಯನ್ನು ನಾಲ್ಕು ಹಂತಗಳಲ್ಲಿ ತಿಳಿಯಬಹುದು. ಮೊದಲ ಹಂತದಲ್ಲಿ ತಂತ್ರಾಂಶವು ಕಪ್ಪು ಬಿಳಿಗಳು ಸಂಧಿಸುವ ಅಂಚನ್ನು ಹಿಡಿದು, ಹೊರಟಲ್ಲಿಗೇ ಮರಳುವವರೆಗೆ ನಡೆಯುತ್ತದೆ. ಎರಡು ಕಪ್ಪು ಚುಕ್ಕಿಗಳು ಮೂಲೆಯಿಂದ ಮೂಲೆಗೆ ಮಾತ್ರ ತಾಗಿಕೊಂಡಿರುವಲ್ಲಿ ದಾರಿ ಎರಡಾಗುತ್ತದೆ: ಆ ಕಪ್ಪುಗಳು ಒಂದೇ ಗೆರೆಯ ಭಾಗಗಳೋ, ಅಥವಾ ಅವುಗಳ ನಡುವೆ ಬಿಳಿಯು ಹಾದುಹೋಗಿದೆಯೋ? ಇಲ್ಲಿ ಸಾಮಾನ್ಯವಾಗಿ ಅನುಸರಿಸುವ ನಿಯಮವೆಂದರೆ, ಸುತ್ತಮುತ್ತ ಯಾವ ಬಣ್ಣವು ಅಲ್ಪಸಂಖ್ಯೆಯಲ್ಲಿದೆಯೋ ಅದನ್ನು ಕೂಡಿಸುವುದು. ಇದು ವಿವೇಕದ ನಿಯಮ. ಅಕ್ಷರದ ಗೆರೆಯು ಹಿನ್ನೆಲೆಗಿಂತ ಯಾವಾಗಲೂ ಕಿರಿದು. ಕಿರಿದಾದುದನ್ನು ಕಡಿಯದಿರುವುದು ಅಕ್ಷರವನ್ನು ಉಳಿಸುತ್ತದೆ. ಶಾಸನದ ಪಡಿಯಚ್ಚಿನಲ್ಲಿ ಕೊರೆದ ಅಕ್ಷರವು ಬಿಳಿಯಾಗಿಯೂ ಕಲ್ಲಿನ ಮೈ ಕಪ್ಪಾಗಿಯೂ ಮೂಡುತ್ತದೆ. ಕಪ್ಪನ್ನೇ ಸದಾ ಕೂಡಿಸುವ ನಿಯಮವಿದ್ದಿದ್ದರೆ ಅಲ್ಲಿ ಅಕ್ಷರಗಳು ತುಂಡಾಗುತ್ತಿದ್ದುವು. ಅಲ್ಪಸಂಖ್ಯೆಯ ನಿಯಮವು ಅಲ್ಲಿಯೂ ಅಕ್ಷರದ ಪಕ್ಷವನ್ನೇ ವಹಿಸುತ್ತದೆ.

ಎರಡನೆಯ ಹಂತದಲ್ಲಿ ಮೆಟ್ಟಿಲುಮೆಟ್ಟಿಲಾದ ಅಂಚಿಗೆ ಬದಲಾಗಿ ಒಂದು ಬಹುಭುಜವನ್ನು ಹುಡುಕಲಾಗುತ್ತದೆ. ಅಂಚಿನ ಬಿಂದುಗಳು ಒಂದು ನೇರಗೆರೆಯಿಂದ ಅರ್ಧ ಚುಕ್ಕಿಗಿಂತ ಹೆಚ್ಚು ದೂರ ಸರಿಯದಿರುವವರೆಗೆ ಆ ಭಾಗವನ್ನು ನೇರವೆಂದು ಎಣಿಸಲಾಗುತ್ತದೆ. ಹೀಗೆ ಸಾಧ್ಯವಾಗುವ ಬಹುಭುಜಗಳಲ್ಲೆಲ್ಲ ಅತ್ಯಂತ ಕಡಮೆ ಭುಜಗಳುಳ್ಳುದನ್ನೂ, ಭುಜಗಳ ಸಂಖ್ಯೆ ಸಮವಾದರೆ ಮೂಲದ ಅಂಚಿನಿಂದ ಅತ್ಯಂತ ಕಡಮೆ ದೂರವಿರುವುದನ್ನೂ ತಂತ್ರಾಂಶವು ಆರಿಸುತ್ತದೆ. ಮೂರನೆಯ ಹಂತದಲ್ಲಿ ಬಹುಭುಜದ ಪ್ರತಿಯೊಂದು ಕೋನವನ್ನೂ ಪರೀಕ್ಷಿಸಿ, ಅದು ನಿಜವಾದ ಮೂಲೆಯೋ ಅಥವಾ ಬಾಗಿನ ಒಂದು ಭಾಗವೋ ಎಂದು ತೀರ್ಮಾನಿಸಲಾಗುತ್ತದೆ. ಮೂಲೆಯ ತೀಕ್ಷ್ಣತೆಯನ್ನು ಅಳೆಯುವ ಒಂದು ಸಂಖ್ಯೆಯು ನಿಗದಿಯಾದ ಎಲ್ಲೆಯನ್ನು ಮೀರಿದರೆ ಮೂಲೆ, ಮೀರದಿದ್ದರೆ ಬಾಗು. ಆ ಎಲ್ಲೆ ಸಾಮಾನ್ಯವಾಗಿ ೧. ಅದನ್ನು ಸೊನ್ನೆಗೆ ಇಳಿಸಿದರೆ ಎಲ್ಲವೂ ಮೂಲೆಯಾಗುತ್ತದೆ, ೧.೩೩೩೪ಕ್ಕೆ ಏರಿಸಿದರೆ ಒಂದು ಮೂಲೆಯೂ ಉಳಿಯುವುದಿಲ್ಲ. ನಾಲ್ಕನೆಯ ಹಂತದಲ್ಲಿ, ಒಂದರ ಪಕ್ಕದಲ್ಲೊಂದು ಬಂದ ಬಾಗುಗಳನ್ನು ರೂಪವು ಹೆಚ್ಚು ಕೆಡದಂತೆ ಕೂಡಿಸಿ, ಒಟ್ಟು ರೇಖೆಗಳ ಸಂಖ್ಯೆಯನ್ನು ತಗ್ಗಿಸಲಾಗುತ್ತದೆ.

ಇವುಗಳ ಜತೆಗೆ ಇನ್ನೊಂದು ನಿಯಮವಿದೆ. ನಿಗದಿಯಾದ ವಿಸ್ತೀರ್ಣಕ್ಕಿಂತ ದೊಡ್ಡದಲ್ಲದ ಆಕೃತಿಯನ್ನು ತಂತ್ರಾಂಶವು ಕಸವೆಂದು ಭಾವಿಸಿ ತೊಡೆದುಹಾಕುತ್ತದೆ. ಸಾಮಾನ್ಯವಾಗಿ ಈ ಎಲ್ಲೆ ೨ ಚುಕ್ಕಿಗಳು. ತೊಡೆದುಹೋಗುವುದು ಬಿಳಿಯ ಮೇಲಿನ ಕಪ್ಪು ಮಚ್ಚೆ ಮಾತ್ರವಲ್ಲ, ಕಪ್ಪಿನ ನಡುವಿನ ಬಿಳಿಯ ಕಿಂಡಿಯೂ ಹೌದು ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

೪

ಈ ನಿಯಮಗಳನ್ನು ಕನ್ನಡದ ಅಕ್ಷರಗಳಿಗೆ ಅನ್ವಯಿಸಿ ನೋಡೋಣ. ಪೋಟ್ರೇಸಿನ ಕರ್ತೃವು ತಂತ್ರಾಂಶದ ಉಪಯೋಗವನ್ನು ಹೇಳುವಾಗ ಸಂಸ್ಥೆಗಳ ಲಾಂಛನಗಳನ್ನೂ ಕೈಬರಹದ ಟಿಪ್ಪಣಿಗಳನ್ನೂ ಉದಾಹರಿಸುತ್ತಾರೆ. ಲಾಂಛನದಲ್ಲಿ ಒಂದು ಚುಕ್ಕಿ ಹೋದರೆ ಅಂದ ಕೆಡಬಹುದು, ಅರ್ಥ ಕೆಡುವುದಿಲ್ಲ. ಕನ್ನಡ ಲಿಪಿಯಲ್ಲಿ ಹಾಗಲ್ಲ. ಇಲ್ಲಿ ‘ಬದಿ’ಗೂ ‘ಬಂದಿ’ಗೂ ಇರುವ ಅಂತರ ಒಂದು ಸೊನ್ನೆ; ‘ದನ’ಕ್ಕೂ ‘ಧನ’ಕ್ಕೂ ಇರುವ ಅಂತರ ಹೊಟ್ಟೆ ಸೀಳುವ ಒಂದು ಗೀಟು.

ಸೊನ್ನೆಯ ಲೆಕ್ಕವನ್ನು ಮಾಡಬಹುದು. ಪುಸ್ತಕದ ಅಕ್ಷರದಲ್ಲಿ ಸೊನ್ನೆಯ ಒಳಗಿನ ಬಿಳಿಯ ವ್ಯಾಸವು ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅಂಗುಲಕ್ಕೆ ೬೦೦ ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಆ ಬಿಳಿಯು ಸುಮಾರು ೧೧೦ ಚುಕ್ಕಿಗಳಷ್ಟಿರುತ್ತದೆ. ೩೦೦ರಂತೆ ಮಾಡಿದರೆ ಸುಮಾರು ೨೭. ಅಂತರಜಾಲದಲ್ಲಿ ಅಲ್ಲಲ್ಲಿ ದೊರೆಯುವ ೭೨ರ ಚಿತ್ರದಲ್ಲಾದರೆ ಎರಡು ಚುಕ್ಕಿಯೂ ತುಂಬುವುದಿಲ್ಲ. ಈ ಕೊನೆಯ ಸಂದರ್ಭದಲ್ಲಿ ಬಳಕೆದಾರನು ಏನನ್ನೂ ಬದಲಾಯಿಸದಿದ್ದರೂ ಸೊನ್ನೆಯು ತುಂಬಿಕೊಂಡು ಬರಿಯ ಬೊಟ್ಟಾಗುತ್ತದೆ. ಮೊದಲೆರಡರಲ್ಲಿ ಅದು ಸುರಕ್ಷಿತವೆಂದು ತೋರಬಹುದು. ಆದರೆ ಹಳೆಯ ಕಾಗದದ ಕಲೆಗಳನ್ನು ನೀಗಲೆಂದು ಬಳಕೆದಾರನು ಕಸದ ಎಲ್ಲೆಯನ್ನು ೩೦ಕ್ಕೆ ಏರಿಸಿದನೆಂದರೆ, ೩೦೦ರ ಚಿತ್ರದಲ್ಲಿಯೂ ಅದೇ ಗತಿ. ಪುಟವು ಶುಭ್ರವಾಯಿತೆಂದು ಅವನು ಸಂತೋಷಪಡುತ್ತಾನೆ. ಸೊನ್ನೆಯ ಜತೆಗೆ ಸಣ್ಣ ಒತ್ತಕ್ಷರಗಳ ಒಳಗಿಂಡಿಗಳೂ ಮುಚ್ಚಿಹೋದುದು ಅವನ ಕಣ್ಣಿಗೆ ಬೀಳುವುದಿಲ್ಲ. ಶಾಸನಗಳಲ್ಲಿ ಅನುಸ್ವಾರವು ಅಕ್ಷರಕ್ಕೆ ತಾಗದ ಸಣ್ಣ ಬೊಟ್ಟಾಗಿರುವ ಕಡೆ ಅಪಾಯವು ಇನ್ನೂ ಹೆಚ್ಚು. ಅಲ್ಲಿ ಅದು ರೂಪಗೆಡುವುದಿಲ್ಲ, ಇಲ್ಲವೇ ಆಗಿಬಿಡುತ್ತದೆ. ಕಲ್ಲಿನ ಮೇಲಿನ ಬೊಟ್ಟು ಉಳಿಯ ಗುರುತೋ ಮಳೆಗಾಳಿಗಳ ಗುರುತೋ ಎಂಬುದು ಶಾಸನತಜ್ಞರು ಸಂದರ್ಭ, ಛಂದಸ್ಸು, ವ್ಯಾಕರಣಗಳನ್ನು ಆಲೋಚಿಸಿ ನಿರ್ಣಯಿಸುವ ಪ್ರಶ್ನೆ. ತಂತ್ರಾಂಶವು ಅದನ್ನು ವಿಸ್ತೀರ್ಣವೊಂದರಿಂದಲೇ ನಿರ್ಣಯಿಸುತ್ತದೆ.

ಮೂಲೆಯ ಪ್ರಶ್ನೆಯು ಇದಕ್ಕಿಂತ ಸೂಕ್ಷ್ಮವಾದುದು; ಅದರ ಪರಿಣಾಮವೂ ದೂರಗಾಮಿಯಾದುದು. ಮೇಲೆ ಹೇಳಿದ ತೀಕ್ಷ್ಣತೆಯ ಸಂಖ್ಯೆಯು ಕೋನವನ್ನು ಮಾತ್ರ ಅವಲಂಬಿಸಿಲ್ಲ. ಕೋನದ ಇಕ್ಕೆಲದ ಭುಜಗಳು ಎಷ್ಟು ಚುಕ್ಕಿಗಳಷ್ಟು ಉದ್ದವಾಗಿವೆ ಎಂಬುದನ್ನೂ ಅವಲಂಬಿಸಿದೆ. ಒಂದೇ ಮೂಲೆಯು ಹೆಚ್ಚು ಚುಕ್ಕಿಗಳ ಚಿತ್ರದಲ್ಲಿ ಮೂಲೆಯೆನಿಸಿ, ಕಡಮೆ ಚುಕ್ಕಿಗಳ ಚಿತ್ರದಲ್ಲಿ ಬಾಗೆನಿಸಬಹುದು. ಎಂದರೆ, ಚಿತ್ರವು ಒರಟಾದಷ್ಟೂ ಅಕ್ಷರವು ದುಂಡಗಾಗುತ್ತದೆ.

ಕನ್ನಡ ಲಿಪಿಯ ಚರಿತ್ರೆಯನ್ನು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆಯಾಕಾರದ ತಲೆಯೂ ಕೋನಗಳೂ ಉಳ್ಳ ಕದಂಬರ ಕಾಲದ ಅಕ್ಷರಗಳಿಂದ ಮುಂದಿನ ಶತಮಾನಗಳ ದುಂಡು ಅಕ್ಷರಗಳಿಗೆ ಸಾಗಿಬಂದ ದಾರಿಯೇ ನಮ್ಮ ಲಿಪಿಯ ಚರಿತ್ರೆ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ ೧೯೩೬ನೆಯ ವರ್ಷದ ವರದಿಯಲ್ಲಿ ಪ್ರಕಟಿಸಿದ ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅದು ಸುಮಾರು ಕ್ರಿ. ಶ. ೪೫೦ರದೆಂದು ಹೇಳುವಾಗ ಲಿಪಿಯ ಸ್ವರೂಪವೂ ಒಂದು ಮುಖ್ಯ ಆಧಾರ. ಇಂತಹ ಶಾಸನದ ಅಕ್ಷರಗಳನ್ನು ಒರಟು ಚಿತ್ರವೊಂದರಿಂದ ರೇಖೀಕರಿಸಿ, ಆ ನಯವಾದ ಗೆರೆಗಳನ್ನು ಲಿಪಿವಿಕಾಸದ ಪಟ್ಟಿಯಲ್ಲಿ ಅಚ್ಚುಹಾಕಿದರೆ, ಓದುಗರ ಮುಂದೆ ನಿಲ್ಲುವುದು ಉಳಿಯ ಕೆಲಸವಲ್ಲ. ಉಳಿಯ ಕೆಲಸದ ಮೇಲೆ ತಂತ್ರಾಂಶವು ಹಾಯಿಸಿದ ಉಜ್ಜುಗೊರಡಿನ ಕೆಲಸ. ಅದರ ಆಧಾರದ ಮೇಲೆ ಅಕ್ಷರಗಳು ದುಂಡಗಾದ ಕಾಲವನ್ನು ಚರ್ಚಿಸುವವನು, ತಿಳಿಯದೆ, ಸ್ಕ್ಯಾನಿನ ಸಾಂದ್ರತೆಯನ್ನು ಚರ್ಚಿಸುತ್ತಿರುತ್ತಾನೆ.

೫

ಪೋಟ್ರೇಸಿಗೆ ಇನ್ನೊಂದು ಮಿತಿಯಿದೆ. ಅದು ಗೆರೆಯನ್ನು ಕಾಣುವುದಿಲ್ಲ, ಗೆರೆಯ ಅಂಚನ್ನು ಮಾತ್ರ ಕಾಣುತ್ತದೆ. ಬರೆಯುವವನ ಕೈ ಒಮ್ಮೆ ಎಳೆದ ಗೆರೆಯು ಪೋಟ್ರೇಸಿನಲ್ಲಿ ಎರಡು ದಡಗಳುಳ್ಳ ಒಂದು ಪ್ರದೇಶವಾಗುತ್ತದೆ. ಕೈ ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು ಎಂಬುದು ಅಲ್ಲಿ ಕಳೆದುಹೋಗುತ್ತದೆ. ಆಟೋಟ್ರೇಸ್ ಇದಕ್ಕೆ ಬೇರೊಂದು ದಾರಿಯನ್ನು ತೋರಿಸುತ್ತದೆ. ಅದು ಬಣ್ಣದ ಚಿತ್ರಗಳನ್ನೂ ನಿರ್ವಹಿಸಬಲ್ಲುದು. ಬೇಕೆಂದರೆ ಗೆರೆಯ ನಡುವನ್ನು ಹಿಡಿದು ಒಂದೇ ರೇಖೆಯನ್ನು ಎಳೆಯಬಲ್ಲುದು. ೨೦೨೦ರಲ್ಲಿ ಬಂದ ಇಂಕ್‌ಸ್ಕೇಪಿನ ೧.೦ನೆಯ ಆವೃತ್ತಿಯಲ್ಲಿ ಈ ನಡುಗೆರೆಯ ವಿಧಾನವೂ ಸೇರಿಕೊಂಡಿತು. ಆದರೆ ಇಲ್ಲಿಯೂ ಲಾಭದ ಜತೆಗೆ ನಷ್ಟವಿದೆ. ನಡುಗೆರೆಯಲ್ಲಿ ದಪ್ಪ ತೆಳುಗಳ ಭೇದವು ಅಳಿದುಹೋಗುತ್ತದೆ; ಎರಡು ಗೆರೆಗಳು ಕೂಡುವ ಸಂಧಿಯಲ್ಲಿ ರೇಖೆಯು ಅತ್ತಿತ್ತ ಎಳೆದುಕೊಳ್ಳುವುದೂ ಇಲ್ಲದ ಕವಲುಗಳು ಮೂಡುವುದೂ ಉಂಟು. ಮಸಿಯ ಹರಹನ್ನು ಅಭ್ಯಾಸಮಾಡುವವನಿಗೆ ಪೋಟ್ರೇಸ್, ಕೈಯ ಚಲನೆಯನ್ನು ಅಭ್ಯಾಸಮಾಡುವವನಿಗೆ ಆಟೋಟ್ರೇಸ್ ಎಂದು ಸ್ಥೂಲವಾಗಿ ಹೇಳಬಹುದು. ಎರಡೂ ಒಂದೇ ಅಕ್ಷರದ ಎರಡು ವ್ಯಾಖ್ಯಾನಗಳೇ ಹೊರತು ಒಂದು ನಿಜ, ಇನ್ನೊಂದು ಸುಳ್ಳು ಅಲ್ಲ.

ಈ ಮಾತನ್ನು ಇನ್ನೊಂದು ಪಾರ್ಶ್ವದಿಂದಲೂ ಪರೀಕ್ಷಿಸಬಹುದು. ಡೊನಾಲ್ಡ್ ಕ್ನೂತ್ ಅವರು ೧೯೭೦ರ ದಶಕದ ಕೊನೆಯಲ್ಲಿ ರಚಿಸಿದ ಮೆಟಾಫಾಂಟ್ ಎಂಬ ವ್ಯವಸ್ಥೆಯು ಅಕ್ಷರವನ್ನು ಲೇಖನಿಯ ಚಲನೆಯಾಗಿ ವರ್ಣಿಸಿ, ಕೊನೆಗೆ ಅದನ್ನು ಚುಕ್ಕಿಗಳಾಗಿ ಮೂಡಿಸುತ್ತದೆ. ಆ ಅಕ್ಷರಗಳನ್ನು ಇತರ ಮುದ್ರಣವ್ಯವಸ್ಥೆಗಳಲ್ಲಿ ಬಳಸಬೇಕಾದಾಗ ಎಂಎಫ್‌ಟ್ರೇಸ್ ಎಂಬ ಸ್ವತಂತ್ರ ತಂತ್ರಾಂಶವು ಅವುಗಳನ್ನು ಬಹು ದೊಡ್ಡದಾಗಿ ಮೂಡಿಸಿ, ಪೋಟ್ರೇಸಿನ ಅಥವಾ ಆಟೋಟ್ರೇಸಿನ ಸಹಾಯದಿಂದ ಮತ್ತೆ ರೇಖೀಕರಿಸುತ್ತದೆ. ಇಲ್ಲಿ ಮೂಲದಲ್ಲಿದ್ದುದೂ ಗಣಿತವೇ, ಕೊನೆಗೆ ಬಂದುದೂ ಗಣಿತವೇ. ಆದರೂ ನಡುವೆ ಚುಕ್ಕಿಗಳಾಗಿ ಹಾದುಬಂದುದರಿಂದ, ಲೇಖನಿಯ ಚಲನೆಯಿದ್ದ ಕಡೆ ಅಂಚಿನ ವರ್ಣನೆ ಮಾತ್ರ ಉಳಿಯುತ್ತದೆ. ರೂಪವು ಮರಳಿ ಬಂದರೂ ಉದ್ದೇಶವು ಮರಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

೬

ಹೀಗೆ ದೋಷಗಳನ್ನು ಎಣಿಸಿದ ಮಾತ್ರಕ್ಕೆ ಪೋಟ್ರೇಸನ್ನು ನಾವು ನಿರಾಕರಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಮೇಲೆ ಹೇಳಿದ ಒಂದೊಂದು ಆಕ್ಷೇಪಣೆಯೂ ನಮಗೆ ಸಾಧ್ಯವಾದುದು ಆ ತಂತ್ರಾಂಶವು ತನ್ನ ನಿಯಮಗಳನ್ನು ಬಯಲಿನಲ್ಲಿ ಇಟ್ಟಿರುವುದರಿಂದಲೇ. ಇಲ್ಲಸ್ಟ್ರೇಟರ್ ಮೊದಲಾದ ವಾಣಿಜ್ಯ ತಂತ್ರಾಂಶಗಳಲ್ಲಿಯೂ ರೇಖೀಕರಣದ ಸೌಲಭ್ಯವಿದೆ. ಅವುಗಳ ಫಲಿತಾಂಶವು ಅನೇಕ ವೇಳೆ ನೋಡುವುದಕ್ಕೆ ಸೊಗಸಾಗಿಯೂ ಇರುತ್ತದೆ. ಆದರೆ ಅವುಗಳ ಮೂಲಸಂಕೇತವು ಪ್ರಕಟವಾಗಿಲ್ಲ. ಒಂದು ಸೊನ್ನೆಯು ಏಕೆ ಉಳಿಯಿತು, ಇನ್ನೊಂದು ಏಕೆ ಅಳಿಯಿತು ಎಂದು ಅಲ್ಲಿ ಕೇಳಬಹುದು. ಸಂಕೇತವನ್ನು ಬಿಚ್ಚಿ ಉತ್ತರವನ್ನು ಕಂಡುಕೊಳ್ಳುವಂತಿಲ್ಲ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟ ಸಂಪಾದಕನಿಗೂ ತನಗೆ ಸರಿತೋರಿದ ಪಾಠವನ್ನಷ್ಟೆ ಅಚ್ಚುಹಾಕಿದ ಪ್ರಕಾಶಕನಿಗೂ ಇರುವ ಅಂತರವೇ ಇದು. ಎರಡನೆಯವನ ಪಾಠವು ಸರಿಯಾಗಿಯೇ ಇರಬಹುದು. ಆದರೆ ಅದು ಸರಿಯೆಂದು ತೋರಿಸಲು ಅವನಲ್ಲಿ ಸಾಧನವಿಲ್ಲ.

ಆದರೆ ಬಾಗಿಲು ತೆರೆದಿದೆ ಎಂದಮಾತ್ರಕ್ಕೆ ಒಳಹೊಕ್ಕಂತಾಗುವುದಿಲ್ಲ. ಈ ವಿಷಯದಲ್ಲಿ ಸ್ವತಂತ್ರ ತಂತ್ರಾಂಶದ ಕರ್ತೃಗಳಲ್ಲಿಯೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಪೋಟ್ರೇಸ್ ತಾನು ಬರೆದ ಎಸ್‌ವಿಜಿ ಕಡತದಲ್ಲಿ ತನ್ನ ಹೆಸರನ್ನೂ ಆವೃತ್ತಿಯನ್ನೂ ಕರ್ತೃವಿನ ಹೆಸರನ್ನೂ ದಾಖಲಿಸುತ್ತದೆ; ಯಾವ ಬೆಲೆಗಳನ್ನು ಹಿಡಿದು ಕೆಲಸಮಾಡಿತೆಂಬುದನ್ನು ದಾಖಲಿಸುವುದಿಲ್ಲ. ಲಿಪಿಕಾರನು ಪುಷ್ಪಿಕೆಯಲ್ಲಿ ತನ್ನ ಹೆಸರನ್ನು ಬರೆದು, ಯಾವ ಮಾತೃಕೆಯನ್ನು ನೋಡಿ ಎಲ್ಲೆಲ್ಲಿ ತಿದ್ದಿದನೆಂಬುದನ್ನು ಬಿಟ್ಟಂತಾಯಿತು ಇದು. ಇಂಕ್‌ಸ್ಕೇಪಿನಲ್ಲಿ ಅದೇ ಬೆಲೆಗಳು ಮಚ್ಚೆ ತೆಗೆಯುವುದು, ಮೂಲೆ ನಯಗೊಳಿಸುವುದು ಎಂಬರ್ಥದ ಸೌಮ್ಯವಾದ ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತವೆ. ನಯಗೊಳಿಸುವುದು ಎಂದಾಗ ಅದು ಒಂದು ಉಪಕಾರವೆಂಬ ಭಾವನೆಯುಂಟಾಗುವುದೇ ಹೊರತು, ಸಾಕ್ಷ್ಯವನ್ನು ತಿದ್ದುವ ಕ್ರಿಯೆಯೆಂಬ ಎಚ್ಚರವು ಹುಟ್ಟುವುದಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಹೆಚ್ಚಿನ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಈ ತೊಂದರೆಗಳೆಲ್ಲ ಪರಿಹಾರವಾಗುವುದಿಲ್ಲವೆ ಎಂಬುದು ಮೊದಲನೆಯದು. ಅನೇಕ ತೊಂದರೆಗಳು ತಗ್ಗುತ್ತವೆ, ನಿಜ. ಆದರೆ ಸಾಂದ್ರತೆ ಹೆಚ್ಚಿದಾಗ ಅಕ್ಷರದ ಜತೆಗೆ ಕಾಗದದ ನಾರೂ ಕಲ್ಲಿನ ಹುರುಬೂ ಹೆಚ್ಚು ಚುಕ್ಕಿಗಳಾಗಿ ಮೂಡುತ್ತವೆ. ಅವುಗಳನ್ನು ನೀಗಲು ಎಲ್ಲೆಯನ್ನು ಏರಿಸಲೇಬೇಕಾಗುತ್ತದೆ. ನಿರ್ಣಯದ ಹೊರೆ ಹಗುರವಾಗುವುದೇ ವಿನಾ ಇಳಿದುಹೋಗುವುದಿಲ್ಲ. ಮೂಲಚಿತ್ರವೇ ಇರುವಾಗ ರೇಖೀಕರಣವಾದರೂ ಏಕೆ ಎಂಬುದು ಎರಡನೆಯದು. ಇದಕ್ಕೆ ೧೮೪೩ರಲ್ಲಿ ಮಂಗಳೂರಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ದ ಉದಾಹರಣೆ ಸಾಕು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಅದರ ಅಕ್ಷರಗಳಿಗೆ ಎರಕದ ಮೊಳೆಗಳು ಇರಲೇ ಇಲ್ಲ. ಆ ಕೈಬರಹದ ರೂಪವನ್ನು ಇಂದು ಅಕ್ಷರಶೈಲಿಯಾಗಿ ಮತ್ತೆ ಬಳಕೆಗೆ ತರಬೇಕಾದರೂ, ಒಂದು ಅಕ್ಷರದ ಹತ್ತು ರೂಪಗಳನ್ನು ಒಂದರ ಮೇಲೊಂದಿಟ್ಟು ಅಳೆಯಬೇಕಾದರೂ ರೇಖೀಕರಣವು ಅತ್ಯಂತ ಸುಲಭವಾದ ದಾರಿ. ದಾರಿಯು ಬೇಕಾದುದೆಂಬುದರಿಂದಲೇ ಅದರ ಗುಂಡಿಗಳನ್ನು ಗುರುತಿಸುವುದೂ ಅವಶ್ಯವಾಗುತ್ತದೆ.

೭

ಮೇಲ್ಕಂಡ ವಿಚಾರದಿಂದ ನಮಗೆ ವಿದಿತವಾಗುವುದಿಷ್ಟು. ಪೋಟ್ರೇಸ್ ತನ್ನ ಕಾರ್ಯದಲ್ಲಿ ಸಮರ್ಥವಾದ, ಗಣಿತದ ದೃಷ್ಟಿಯಿಂದ ಸುಂದರವಾದ, ಅಕ್ಷರದ ವಿಷಯದಲ್ಲಿ ಬಹುಮಟ್ಟಿಗೆ ವಿವೇಕಯುತವಾದ ತಂತ್ರಾಂಶ. ಆದರೆ ಅದು ಅಕ್ಷರವನ್ನು ಬಲ್ಲುದಲ್ಲ. ಅಂಚನ್ನು ಮಾತ್ರ ಬಲ್ಲುದು. ಅಂಚಿನಿಂದ ಅಕ್ಷರಕ್ಕೆ ಹೋಗುವ ಹೊಣೆ ಅದನ್ನು ಬಳಸುವ ವಿದ್ವಾಂಸನದು.

ಆದುದರಿಂದ ನಮ್ಮ ಕಾಲೇಜುಗಳಲ್ಲಿ ಲಿಪಿಶಾಸ್ತ್ರ, ಗ್ರಂಥಸಂಪಾದನೆಗಳನ್ನು ಅಭ್ಯಾಸಮಾಡುವವರು ಮೂರು ನಿಯಮಗಳನ್ನು ಪಾಲಿಸುವುದು ಉಚಿತವೆಂದು ಸೂಚಿಸುತ್ತೇವೆ. ರೇಖೀಕೃತ ಅಕ್ಷರವನ್ನು ಎಲ್ಲಿ ಅಚ್ಚುಹಾಕಿದರೂ ಮೂಲಚಿತ್ರವನ್ನು ಜತೆಯಲ್ಲಿ ಕೊಡುವುದು ಒಂದು. ತಂತ್ರಾಂಶದ ಹೆಸರು, ಆವೃತ್ತಿ, ಸ್ಕ್ಯಾನಿನ ಸಾಂದ್ರತೆ, ಹೊಸ್ತಿಲು, ಕಸದ ಎಲ್ಲೆ, ಮೂಲೆಯ ಎಲ್ಲೆ ಇವುಗಳನ್ನು ಅಡಿಟಿಪ್ಪಣಿಯಲ್ಲಿ ನಮೂದಿಸುವುದು ಎರಡು. ಇದೆಲ್ಲ ಒಂದೇ ಸಾಲಿನಲ್ಲಿ ಮುಗಿಯುವ ಕೆಲಸ. ಅನುಸ್ವಾರದ ಅಥವಾ ಮಹಾಪ್ರಾಣದ ಗೀಟಿನ ವಿಷಯದಲ್ಲಿ ಸಂದೇಹವಿರುವ ಕಡೆ ಎರಡು ಬೇರೆ ಬೇರೆ ಬೆಲೆಗಳಲ್ಲಿ ರೇಖೀಕರಿಸಿ, ಎರಡು ರೂಪಗಳನ್ನೂ ಪಾಠಾಂತರಗಳಂತೆ ತೋರಿಸುವುದು ಮೂರು. ಹೀಗೆ ಮಾಡಿದಲ್ಲಿ ಮುಂದೆ ಬರುವ ಅಭ್ಯಾಸಿಯು ಅದೇ ಚಿತ್ರವನ್ನು ಅದೇ ಬೆಲೆಗಳಲ್ಲಿ ಮತ್ತೆ ರೇಖೀಕರಿಸಿ ನಮ್ಮ ನಿರ್ಣಯವನ್ನು ಪರೀಕ್ಷಿಸಬಲ್ಲನು. ಬೇಕಾದರೆ ತಳ್ಳಿಹಾಕಲೂ ಬಲ್ಲನು. ಬಿಚ್ಚಿ ಓದುವ ಹಕ್ಕನ್ನು ತಂತ್ರಾಂಶವು ನಮಗೆ ಕೊಟ್ಟಿದೆ. ಅದೇ ಹಕ್ಕನ್ನು ನಾವು ನಮ್ಮ ಓದುಗರಿಗೆ ದಾಟಿಸದಿದ್ದರೆ ಅದು ನಮ್ಮಲ್ಲಿಗೇ ನಿಂತುಹೋಗುತ್ತದೆ.